ಬೆಳಕಿಂಡಿ ಬಂದ ಬಗೆ

ಆ ಊರಿನ ಪಾಳೆಯಗಾರನಿಗೆ ತನ್ನನ್ನು ಯಾರೂ ಮೇಲಿಂದ ನೋಡಬಾರದೆಂಬ ಹುಚ್ಚು. ರಾಜಬೀದಿಯ ಮನೆಗಳ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಮೇಲಿಂದ ಇಣುಕಿದವರಿಗೆ ಛಡಿಯೇಟು ಎಂದು ಡಂಗುರ ಸಾರಿಸಿದ. ಕಾವಲಿಗೆ ನಿಂತವನು ಪಾರುಪತ್ತೇಗಾರ ಕೆಂಚವೀರಯ್ಯ, ತನ್ನ ನೆರಳನ್ನೂ ನಂಬದ ಆಸಾಮಿ.

ಒಮ್ಮೆ ಅದೇ ಬೀದಿಯ ನೇಕಾರರ ಹೊನ್ನವ್ವ ನೇಯ್ದ ಸೀರೆ ಅವನ ಕೈಗೆ ಬಂತು. ಅಂಚಿನಲ್ಲಿ ಒಂದೆಳೆ ಬಣ್ಣವೂ ತಪ್ಪಿರಲಿಲ್ಲ. ಕತ್ತಲಮನೆಯಲ್ಲಿ ಇದು ಹೇಗೆ ಸಾಧ್ಯ? ಎಲ್ಲೋ ಕಳ್ಳಕಿಟಕಿ ಇರಲೇಬೇಕು! ಮರುದಿನವೇ ಅವಳ ಮನೆಗೆ ನುಗ್ಗಿ ಗೋಡೆಗೋಡೆ ತಟ್ಟಿದ. ಎಲ್ಲೂ ಸಂದಿಲ್ಲ. ಆದರೆ ಮಗ್ಗದ ಮೇಲೆ ಬಿಸಿಲು ಬಿದ್ದಿತ್ತು. ತಲೆಯೆತ್ತಿದರೆ ಮಾಳಿಗೆಯಲ್ಲೊಂದು ಕಿಂಡಿ.

"ಇದರಲ್ಲಿ ಯಾರನ್ನ ನೋಡ್ತೀಯೇ?"

"ಸೂರ್ಯಪ್ಪನ್ನ, ಬುದ್ಧಿ. ಅವನಿನ್ನೂ ಬೇಡ ಅಂದಿಲ್ಲ."

"ಸುಳ್ಳು! ಅಲ್ಲಿಂದ ಬೀದಿ ಕಾಣುತ್ತೆ."

"ಹತ್ತಿ ನೋಡಿ, ಬುದ್ಧಿ" ಎಂದು ಹೊನ್ನವ್ವ ಏಣಿ ತಂದಿಟ್ಟಳು.

ದೂರದಲ್ಲಿ ದೊರೆಯ ಕಹಳೆ ಮೊಳಗಿತು. ಅನುಮಾನ ತಲೆಗೇರಿದವನಿಗೆ ಕೇಳಿಸಬೇಕಲ್ಲ! ಮಾಳಿಗೆ ಹತ್ತಿ ಬೀದಿಗೆ ಬಗ್ಗಿದ. ಕೆಳಗೇ ಪಲ್ಲಕ್ಕಿ. ಒಳಗಿದ್ದ ದೊರೆ ಇವನನ್ನೇ ದುರುಗುಟ್ಟಿ ನೋಡುತ್ತಿದ್ದ.

"ಯಾವನಲೇ ಅದು ಮೇಲೆ?"

ಕೆಂಚವೀರಯ್ಯನ ಬೆನ್ನು ಚುರುಗುಟ್ಟಿತು. "ದೊರೆ, ದೇವರಾಣೆ! ಇಲ್ಲಿಂದ ಬೀದಿ ಕಾಣೋದೇ ಇಲ್ಲ!"

"ಊರಿಗೆಲ್ಲ ಕೇಳಿಸ್ತು, ಬುದ್ಧಿ" ಎಂದಳು ಹೊನ್ನವ್ವ ಕೆಳಗಿನಿಂದ.

ಆ ವಾರವೇ ಬೀದಿಯ ಮನೆಮನೆಗೂ ಬೆಳಕಿಂಡಿ ಬಂತು. ಆಣೆಯಿಟ್ಟ ಕೆಂಚವೀರಯ್ಯ ಯಾವ ಬಾಯಲ್ಲಿ ಅವನ್ನು ಮುಚ್ಚಿ ಅಂದಾನು?