ಉಣ್ಣದೆ ಇಟ್ಟ ತೆನೆ

"ಗುರುಗಳೇ, ದಿನಕ್ಕೆ ಇರುವುದು ಇಪ್ಪತ್ತನಾಲ್ಕೇ ಗಂಟೆ. ಅದರಲ್ಲಿ ಕ್ರಿಸ್ತನಿಗೆ ಎಷ್ಟು, ಮನೆಯವರಿಗೆ ಎಷ್ಟು?" ಎಂದು ಶಿಷ್ಯ ಕೇಳಿದ. ಹೊಸ ಅಕ್ಕಿ ಊಟಕ್ಕೆ ಬಂದು ಹೋಗು ಎಂದು ಅವನ ತಾಯಿ ಹೇಳಿ ಕಳಿಸಿದ್ದರು. ಹಬ್ಬದ ದಿನವೆಲ್ಲ ಇಗರ್ಜಿಯಲ್ಲೇ ಪ್ರಾರ್ಥನೆಯಲ್ಲಿ ಕಳೆಯಬೇಕೆಂಬುದು ಅವನ ಆಸೆ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಮೂಟೆ ಬಿಚ್ಚುವುದೇ ಬೇಡ, ಬೀದಿಯಲ್ಲಿ ನಿಂತು ಮೂಗಿನಿಂದಲೇ ಅಕ್ಕಿಗೆ ಹುಳ ಬಿದ್ದಿದೆ ಎಂದು ಹೇಳಬಲ್ಲವನು. ಒಂದು ವರ್ಷ ಅವನಿಗೆ ವಿಷಮಜ್ವರ ಬಂತು. ವೈದ್ಯರು ಕೈಚೆಲ್ಲಿದರು. ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಕೊನೆಯ ತೈಲ ಹಚ್ಚಿ ಹೋದರು. ಇಪ್ಪತ್ತೊಂದನೆಯ ದಿನ ಅವನು ಎದ್ದು ಕೂತು ಗಂಜಿ ಕೇಳಿದ.

ಉಪಕಾರ ಮರೆಯುವ ಜಾತಿಯವನಲ್ಲ ಆತ. ಉಳಿದ ಜೀವ ದೇವರದು ಎಂದು ಅಂದೇ ನಿಶ್ಚಯಿಸಿದ. ಬೆಳಗ್ಗೆ ಇಗರ್ಜಿಯಲ್ಲಿ ಬಲಿಪೂಜೆ. ಸಂಜೆ ಅಂಗಡಿಯಿಂದ ನೇರ ಇಗರ್ಜಿಯ ಜಪಸರದ ಪ್ರಾರ್ಥನೆಗೆ. ಅದು ಮುಗಿದರೆ ಊರಿನ ರೋಗಿಗಳ ಭೇಟಿ. ಮನೆ ಸೇರುವಷ್ಟರಲ್ಲಿ ಮಕ್ಕಳಿಬ್ಬರೂ ಮಲಗಿರುತ್ತಿದ್ದರು.

"ಊರಿನ ರೋಗಿಗಳ ಹೆಸರೆಲ್ಲ ನಿಮಗೆ ಬಾಯಿಪಾಠ. ನಿಮ್ಮ ಕಿರಿಮಗಳು ಎಷ್ಟನೇ ಕ್ಲಾಸು, ಹೇಳಿ ನೋಡುವ?" ಎಂದಳು ಹೆಂಡತಿ.

"ದೇವರು ಕೊಟ್ಟ ಜೀವ. ಅವನಿಗೇ ಸಲ್ಲಬೇಕಲ್ಲ?"

"ಸಲ್ಲಲಿ. ಈಗ ಅನ್ನ ಬಡಿಸಲೋ, ಇಗರ್ಜಿಗೇ ಕಳಿಸಿಬಿಡಲೋ?"

ಆ ಊರಿನ ಕ್ರೈಸ್ತರಲ್ಲಿ ಒಂದು ಕಟ್ಟಳೆ ಇದೆ. ಮಾತೆ ಮರಿಯಳ ಹುಟ್ಟುಹಬ್ಬದಂದು ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯ ಯಜಮಾನ ಅದರ ಕಾಳು ಸುಲಿದು, ತೆಂಗಿನ ಹಾಲಿಗೆ ಹಾಕಿ, ಎಲ್ಲರನ್ನೂ ಕೂರಿಸಿಕೊಂಡು ಹಂಚಬೇಕು. ಹೊಸ ಅಕ್ಕಿ ಊಟ ಆಮೇಲೆ.

ಜ್ವರ ಬಿಟ್ಟ ವರ್ಷ ವ್ಯಾಪಾರಿ ತೆನೆ ತಂದ. ಇಗರ್ಜಿಯಲ್ಲಿ ಮಕ್ಕಳಿಗೆ ಹಬ್ಬದ ಕಬ್ಬು ಹಂಚುವ ಕೆಲಸ ಕಾದಿತ್ತು. ಇಷ್ಟು ಪವಿತ್ರವಾದದ್ದನ್ನು ಹೊಟ್ಟೆಗೆ ಹಾಕುವುದೇ ಎಂದುಕೊಂಡು, ಮನೆಯ ದೇವರ ಪೀಠದ ಗಾಜಿನ ಪೆಟ್ಟಿಗೆಯಲ್ಲಿ ಶಿಲುಬೆಯ ಕೆಳಗಿಟ್ಟು ಹೊರಟುಹೋದ. ಅವನ ತಾಯಿ ಸಂಜೆಯವರೆಗೂ ಉಪವಾಸ ಕೂತರು. ಮರುವರ್ಷವೂ ಅದೇ ಕತೆ. ಮೂರನೆಯ ವರ್ಷಕ್ಕೆ ತಾಯಿ ಹಾಸಿಗೆ ಹಿಡಿದಿದ್ದರು. ಇನ್ನೊಂದು ಹೊಸ ಅಕ್ಕಿ ಕಂಡಾರೆಂಬ ಭರವಸೆ ಯಾರಿಗೂ ಇರಲಿಲ್ಲ.

ಆ ಹಬ್ಬದಂದು ಪೂಜೆ ಮುಗಿಸಿ, ರೋಗಿಗಳಿಗೆ ಪರಮಪ್ರಸಾದ ಕೊಡುತ್ತಾ ಮುದಿ ಪಾದ್ರಿಗಳು ಅವನ ಮನೆಗೇ ಬಂದರು. ಮುಂದೆ ಮೇಣದ ಬತ್ತಿ ಹಿಡಿದು ಬಂದವನು ವ್ಯಾಪಾರಿ. ಜೇಬಿನಲ್ಲಿ ಹೊಸ ತೆನೆ ಇತ್ತು. ಮುದುಕಿಗೆ ಪ್ರಸಾದ ಕೊಟ್ಟ ಮೇಲೆ ಪಾದ್ರಿಗಳ ಕಣ್ಣು ಪೀಠದ ಮೇಲೆ ಬಿತ್ತು.

"ಗಾಜು ತೆಗೆ" ಎಂದರು.

ತೆಗೆದ. ಹಳೆಯ ತೆನೆಗಳೆರಡೂ ಮುಟ್ಟಿದೊಡನೆ ಉದುರಿದವು. ಉಳಿದದ್ದು ಹೊಟ್ಟು, ಹಿಟ್ಟು, ಕಪ್ಪು ಹುಳ. ಬೀದಿಯಿಂದಲೇ ಪತ್ತೆ ಹಚ್ಚುವ ಮೂಗಿಗೆ ತನ್ನ ಮನೆಯೊಳಗಿನದು ತಿಳಿದಿರಲಿಲ್ಲ.

"ಇವನ್ನು ನಾನು ಯಾರಿಗೆಂದು ಕೊಟ್ಟಿದ್ದೆ?"

"ಮನೆಯವರಿಗೆ, ಫಾದರ್."

"ತಿಂದವರು ಯಾರು?"

"ಹುಳ, ಫಾದರ್."

ಹಾಸಿಗೆಯಲ್ಲಿ ಮುದುಕಿ ನಕ್ಕರು. "ಹುಳಕ್ಕಾದರೂ ಹಬ್ಬ ಆಯಿತಲ್ಲ, ಮಗಾ. ನಿನಗೆ ಜ್ವರ ಬಂದಾಗ ನಾನು ಬೇಡಿದ್ದು ಒಂದೇ. ಕರ್ತರೇ, ಇವನನ್ನು ನನ್ನ ಊಟದ ಎಲೆಯ ಪಕ್ಕಕ್ಕೆ ಕಳಿಸಿಕೊಡಿ ಎಂದು. ಅವರು ಕಳಿಸಿ ಮೂರು ವರ್ಷ ಆಯಿತು. ನೀನು ಇನ್ನೂ ದಾರಿಯಲ್ಲೇ ಇದ್ದೀ."

ವ್ಯಾಪಾರಿಗೆ ವ್ಯಾಪಾರದ ಭಾಷೆ ಬೇಗ ಅರ್ಥವಾಗುತ್ತದೆ. ತಾಯಿಯ ವಿಳಾಸಕ್ಕೆ ಬಂದ ತನ್ನ ಜೀವದ ಮೂಟೆಯನ್ನು ಮೂರು ವರ್ಷದಿಂದ ಕಳಿಸಿದವನಿಗೇ ವಾಪಸು ಹೊತ್ತು ಹಾಕುತ್ತಿದ್ದ. ಅದಕ್ಕೆ ಕಾಣಿಕೆ ಎಂದು ಹೆಸರಿಟ್ಟಿದ್ದ.

ಪಾದ್ರಿಗಳು ಅವನ ಕೈಯಿಂದ ಬತ್ತಿ ತೆಗೆದುಕೊಂಡರು. "ಮುಂದಿನ ಮನೆಗೆ ಇದನ್ನು ನಾನೇ ಹಿಡಿಯುತ್ತೇನೆ. ನೀನು ಕೂತುಕೋ."

ಅವನು ತಾಯಿಯ ಹಾಸಿಗೆಯ ಪಕ್ಕದಲ್ಲಿ ನೆಲಕ್ಕೆ ಕೂತು ಹೊಸ ತೆನೆ ಸುಲಿದ. ತಾಯಿಗೆ ಹಲ್ಲಿರಲಿಲ್ಲವೆಂದು ಕಾಳು ಅರೆಸಿ ಹಾಲಿಗೆ ಹಾಕಿಸಿದ. ಮೊದಲ ಚಮಚ ಅವರ ಬಾಯಿಗೆ ತಾನೇ ಇಟ್ಟ. ಸ್ತೋತ್ರ ಶುರು ಮಾಡಿದವನು ಅವನು. ಕಿರಿಮಗಳು ಹೇಳಿ ಮುಗಿಸಿದಳು. ಅವಳು ಮೂರನೇ ಕ್ಲಾಸು ಎಂದು ಅವನಿಗೆ ತಿಳಿದದ್ದು ಆ ಊಟದಲ್ಲಿ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವನು ಇಗರ್ಜಿ ಬಿಟ್ಟನೇ?" ಎಂದು ಶಿಷ್ಯ ಕೇಳಿದ.

"ಯಾಕೆ ಬಿಡುತ್ತಾನೆ? ಬೆಳಗಿನ ಪೂಜೆ ಒಂದು ದಿನವೂ ತಪ್ಪಲಿಲ್ಲ. ಸಂಜೆಯ ಜಪಸರ ಮಾತ್ರ ತಾಯಿಯ ಹಾಸಿಗೆಯ ಬಳಿ, ಮನೆಮಂದಿಯ ಜೊತೆ."

"ಹಾಗಾದರೆ ದೇವರಿಗೆ ಕೊಡುತ್ತಿದ್ದುದರಲ್ಲಿ ಕಡಿಮೆಯಾಯಿತಲ್ಲ, ಗುರುಗಳೇ? ಇದರಲ್ಲಿ ಲಾಭವೇನು ಬಂತು?"

ಗುರುಗಳು ಹೇಳಿದರು: "ಆ ತೆನೆಯಲ್ಲಿ ಇದ್ದ ಕಾಳು ಅರವತ್ತು, ಉಂಡವರು ಐವರು, ಹುಳದ ಪಾಲಿಗೆ ಸೊನ್ನೆ."