ಮಧ್ಯಾಹ್ನ ಬಾಡುವ ಗಿಡ

ಸಂಜೆಯ ಪ್ರಸಾದ ಮುಗಿದ ಮೇಲೆ ಮಠದ ಸಾಧಕ ಚನ್ನವೀರ ಗುರುಗಳ ಬಳಿ ಬಂದು ಕೈಮುಗಿದು ಕೇಳಿದ: "ಬುದ್ಧಿ, ಕಷ್ಟದಲ್ಲಿರುವವರಿಗೆ ನೆರವಾಗಬೇಕೆಂದು ತಾವೇ ಹೇಳಿದ್ದೀರಿ. ಹೊಸದಾಗಿ ಬಂದವರಿಗೆ ನಾನು ಎಲ್ಲದರಲ್ಲೂ ನೆರವಾಗುತ್ತೇನೆ. ಕೇಳುವ ಮೊದಲೇ ಮಾಡಿಕೊಡುತ್ತೇನೆ. ಆದರೂ ಅವರು ನನ್ನನ್ನು ಕಂಡರೆ ದೂರ ಸರಿಯುತ್ತಾರೆ. ಒಳ್ಳೆಯದು ಮಾಡಿದರೂ ಹೀಗೇಕೆ?"

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಬೆಟ್ಟದ ಮೇಲಿನ ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಟವೆಲು ಕೊಳ್ಳಲು ಬಂದವರು ಸೀರೆ ಕೊಂಡು ಹೋಗುತ್ತಿದ್ದರು. ಅವನಿಗೆ ಒಬ್ಬಳೇ ಮಗಳು, ದಾಕ್ಷಾಯಿಣಿ. ವಯಸ್ಸಿಗೆ ಬಂದ ಹುಡುಗಿ. ಅವಳಿಗೆ ಮಾತು ತೊದಲುತ್ತಿತ್ತು. ಬೇರೆ ಮಾತಾದರೂ ಹೇಗೋ ಬಂದೀತು, ತನ್ನ ಹೆಸರು ಮಾತ್ರ ಅವಳ ನಾಲಗೆಯಲ್ಲಿ ಹೊರಳುತ್ತಿರಲಿಲ್ಲ. ಯಾರಾದರೂ ಹೆಸರು ಕೇಳಿದರೆ 'ದಾ' ಎಂಬಲ್ಲೇ ಉಸಿರು ಕಟ್ಟುತ್ತಿತ್ತು. ಪಕ್ಕದಲ್ಲಿದ್ದ ತಂದೆ ತಟ್ಟನೆ "ದಾಕ್ಷಾಯಿಣಿ" ಎಂದುಬಿಡುತ್ತಿದ್ದ. ಮಗಳು ಮಾತಿಗೆ ತಡಕಾಡುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಅವಳು ಅರ್ಧ ಹೇಳಿದ್ದನ್ನು ಅವನು ಪೂರ್ತಿ ಮಾಡುತ್ತಿದ್ದ. ಬರಬರುತ್ತ ಅವಳು ಅರ್ಧವನ್ನೂ ಹೇಳದಾದಳು.

ಮನೆಯಲ್ಲಿ ಅವಳಿಗೊಂದು ಜೊತೆಯಿರಲಿ ಎಂದು ವ್ಯಾಪಾರಿ ನರ್ಸರಿಯಿಂದ ಕುಂಡದಲ್ಲಿ ಒಂದು ಹೈಡ್ರೇಂಜಿಯಾ ತಂದು ಹಿತ್ತಲಲ್ಲಿಟ್ಟ. ಚೆಂಡಿನಂತೆ ಗುಂಡಗೆ ಹೂಗೊಂಚಲು ಬಿಡುವ ಗಿಡ. "ಇದು ಗಿಡ್ಡ ಜಾತಿ ಸ್ವಾಮಿ, ಮೊಣಕಾಲೆತ್ತರ ದಾಟೋದಿಲ್ಲ. ಹಳೇ ಕಡ್ಡಿಯಲ್ಲಿ ಒಮ್ಮೆ ಹೂ ಬಿಡುತ್ತೆ, ಅದೇ ವರ್ಷ ಹೊಸ ಚಿಗುರಲ್ಲಿ ಇನ್ನೊಮ್ಮೆ ಬಿಡುತ್ತೆ" ಎಂದು ನರ್ಸರಿಯವನು ಹೇಳಿದ್ದ.

ಬೇಸಿಗೆ ಬಂತು. ಕಡ್ಡಿಗಳ ತುದಿಯಲ್ಲಿ ಮೊಗ್ಗು ಕಾಣಿಸಿತು. ಒಂದು ಮಧ್ಯಾಹ್ನ ವ್ಯಾಪಾರಿ ಊಟಕ್ಕೆ ಬಂದು ನೋಡಿದರೆ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ಓಡಿಹೋಗಿ ಅರ್ಧ ಬಿಂದಿಗೆ ನೀರು ಸುರಿದ. ಸಂಜೆ ಬಂದಾಗ ಎಲೆಗಳು ನಿಮಿರಿ ನಿಂತಿದ್ದವು. 'ನಾನು ನೋಡದಿದ್ದರೆ ಸತ್ತೇ ಹೋಗುತ್ತಿತ್ತು' ಎಂದುಕೊಂಡ. ಮರುದಿನ ಮಧ್ಯಾಹ್ನವೂ ಗಿಡ ಬಾಡಿತು. ಮತ್ತೆ ಸುರಿದ. ಅದೇ ವಾಡಿಕೆಯಾಯಿತು.

ದಾಕ್ಷಾಯಿಣಿ ದಿನವಿಡೀ ಗಿಡದ ಹತ್ತಿರ ಇರುತ್ತಿದ್ದಳು. ಒಂದು ದಿನ ಬಿಂದಿಗೆ ಹಿಡಿದು ಬಂದ ತಂದೆಗೆ ಅಡ್ಡ ನಿಂತು, "ಅಪ್ಪಾ, ನೀ... ನೀರು..." ಎಂದಳು.

"ನೀರು ಸಾಲದು ಅಂತೀಯಾ? ಇಡೀ ಬಿಂದಿಗೆ ಹಾಕಿದರಾಯ್ತು ಬಿಡು ತಾಯಿ" ಎಂದ ತಂದೆ.

ಅಂದಿನಿಂದ ಇಡೀ ಬಿಂದಿಗೆ ಸುರಿದ. ಅವಳು ಮತ್ತೆ ಬಾಯಿ ತೆರೆಯಲಿಲ್ಲ.

ಕ್ರಮೇಣ ಕೆಳಗಿನ ಎಲೆಗಳು ಹಳದಿಯಾದವು. ಮೊಗ್ಗುಗಳು ಕಂದಿ, ಬೆರಳು ತಗುಲಿದರೆ ಉದುರಿದವು. ಮೊದಲ ಹೂವಿನ ಕಾಲ ಹೂವಿಲ್ಲದೆ ಕಳೆಯಿತು. ಕುಂಡದ ಬುಡದಿಂದ ಕೊಳೆತ ವಾಸನೆ ಬಂತು. ಮಗಳು ಗಿಡದ ಮುಂದೆ ಕುಳಿತು ಅತ್ತಳು. ಇಷ್ಟು ನೋಡಿಕೊಂಡರೂ ಹೀಗಾಯಿತಲ್ಲ ಎಂದು ತಂದೆಯ ಕಣ್ಣೂ ತುಂಬಿತು.

ಆ ದಿನಗಳಲ್ಲೇ ವ್ಯಾಪಾರಿಯ ಗಂಟಲು ಕಟ್ಟಿತು. ಬೆಳಗಿನಿಂದ ಸಂಜೆಯವರೆಗೆ ಮಾತಾಡಿ ನವೆದ ಗಂಟಲು. ವೈದ್ಯರು ಪರೀಕ್ಷಿಸಿ, "ವಾಸಿಯಾಗುವ ತನಕ ಒಂದು ಮಾತೂ ಆಡಬೇಡಿ. ಆಡಿದರೆ ದನಿ ಹೋದೀತು" ಎಂದರು.

ಅಂದು ಮಧ್ಯಾಹ್ನವೂ ಗಿಡ ಬಾಡಿತ್ತು. ವ್ಯಾಪಾರಿ ಬಿಂದಿಗೆ ಎತ್ತಿಕೊಂಡು ಹಿತ್ತಲಿಗೆ ಹೋದ. ಮಗಳು ಓಡಿಬಂದು ಬಿಂದಿಗೆಯ ಕಂಠ ಹಿಡಿದಳು.

"ಅಪ್ಪಾ, ನೀ... ನೀ... ನೀರು..."

ಮುಂದಿನ ಪದ ಅವನ ನಾಲಗೆಯ ತುದಿಯಲ್ಲಿತ್ತು. ಆಡುವಂತಿರಲಿಲ್ಲ. ಹಲ್ಲು ಕಚ್ಚಿ ನಿಂತ. ಮಗಳ ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿತು. ತುಟಿ ನಡುಗಿತು. ಅದನ್ನು ನೋಡುತ್ತ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸವನ್ನು ಅವನು ಜೀವನದಲ್ಲಿ ಮಾಡಿರಲಿಲ್ಲ.

"...ಹಾ... ಹಾಕಬೇಡ. ಬಿ... ಬಿಸಿಲಿಗೆ ಬಾಡುತ್ತೆ, ಅಷ್ಟೇ. ಸಂ... ಸಂಜೆಗೆ ತಾನೇ ಏ... ಏಳುತ್ತೆ. ಮಣ್ಣು ಮು... ಮುಟ್ಟಿ ನೋಡು."

ಅವನು ಮಣ್ಣಿಗೆ ಬೆರಳಿಟ್ಟ. ಬರೀ ಕೆಸರು. ಮೊದಲೊಮ್ಮೆ ಅಡ್ಡ ನಿಂತಾಗಲೂ ಅವಳು ಹೇಳಹೊರಟದ್ದು ಇದನ್ನೇ. ತಾನು ಅದನ್ನು ತಿರುಗಿಸಿ ಪೂರ್ತಿ ಮಾಡಿದ್ದ. ಇಷ್ಟು ವರ್ಷಗಳಲ್ಲಿ ಇಂಥ ಮಾತುಗಳು ಇನ್ನೆಷ್ಟೋ ಎಂದು ನೆನೆದ. ಬಿಂದಿಗೆ ಕೆಳಗಿಟ್ಟು ಹಿತ್ತಲ ಮೆಟ್ಟಿಲ ಮೇಲೆ ಕುಳಿತ. ಮಧ್ಯಾಹ್ನದ ಮೇಲೆ ಅಂಗಡಿಗೆ ಹೋಗಲಿಲ್ಲ. ಮಗಳೂ ಪಕ್ಕದಲ್ಲಿ ಕುಳಿತಳು. ಬಿಸಿಲು ಇಳಿಯಿತು. ಯಾರೂ ಮುಟ್ಟದೆ, ಒಂದೊಂದೇ ಎಲೆ ಮೇಲೆದ್ದಿತು.

ಮರುದಿನದಿಂದ ಗಿಡದ ಯಜಮಾನಿಕೆ ಮಗಳದಾಯಿತು. ಅವಳು ಕುಂಡದಿಂದ ಗಿಡ ಬಿಡಿಸಿ ಕೊಳೆತ ಬೇರು ಕತ್ತರಿಸಿದಳು. ಕಟ್ಟಿಕೊಂಡಿದ್ದ ಕುಂಡದ ತೂತು ಬಿಡಿಸಿ, ಬೆಟ್ಟದ ಮಣ್ಣಿಗೆ ಎಲೆಗೊಬ್ಬರ ಬೆರೆಸಿ ಮತ್ತೆ ನೆಟ್ಟಳು. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಇಟ್ಟಳು. ಒಣಗಿದ ತುದಿಗಳನ್ನಷ್ಟೇ ಚಿವುಟಿದಳು. ಜೀವವಿದ್ದ ಕಡ್ಡಿಗೆ ಕತ್ತರಿ ಹಾಕಲಿಲ್ಲ. ಬೆರಳಿಗೆ ಮಣ್ಣು ಒಣಗಿದ್ದು ತಿಳಿದರೆ ಮಾತ್ರ ಬೆಳಿಗ್ಗೆ ನೀರು ಹಾಕುತ್ತಿದ್ದಳು. ತಂದೆಯ ಗಂಟಲು ವಾಸಿಯಾಯಿತು. ಅವನು ಹಳೆಯ ಅಭ್ಯಾಸದಂತೆ ಅವಳ ಮಾತಿಗೆ ಬಾಯಿ ಹಾಕಿದರೆ, "ನಾ... ನಾನು ಹೇಳ್ತೀನಿ" ಎನ್ನುತ್ತಿದ್ದಳು. ಅವನು ಬಾಯಿ ಮುಚ್ಚುತ್ತಿದ್ದ.

ಮಳೆಗಾಲ ಕಳೆಯಿತು. ಗಿಡದ ಬುಡದಿಂದ ಹೊಸ ಚಿಗುರುಗಳು ಎದ್ದವು. ಚಿಗುರಿನ ತುದಿಯಲ್ಲೆಲ್ಲ ಮೊಗ್ಗು. ಪೇಟೆಯ ಹೂವಿನ ಪ್ರದರ್ಶನದ ಹೊತ್ತಿಗೆ ವರ್ಷಕ್ಕೆ ಒಮ್ಮೆಯೇ ಹೂ ಬಿಡುವ ಬೇರೆಯವರ ಹೈಡ್ರೇಂಜಿಯಾಗಳ ಹೂವು ಮುಗಿದು ಬರೀ ಎಲೆ ಉಳಿದಿತ್ತು. ದಾಕ್ಷಾಯಿಣಿಯ ಗಿಡ್ಡ ಗಿಡ ಎಲೆ ಕಾಣದಷ್ಟು ನೀಲಿ ಹೂ ಹೊತ್ತು ಶಾಮಿಯಾನದ ನಡುವೆ ನಿಂತಿತು. ಜನ ಸುತ್ತುವರಿದರು. ತೀರ್ಪುಗಾರರು ಬಂದು ಬೆರಗಾದರು.

"ಇದನ್ನು ಬೆಳೆಸಿದ್ದು ನೀನೇ ಏನಮ್ಮ? ಹೆಸರೇನು ನಿನ್ನದು?"

"ದಾ..."

ಗುಂಪು ಕಾಯಿತು. ಯಾರೋ ಕಿಸಕ್ಕನೆ ನಕ್ಕರು. ನೆರೆಮನೆಯವನು ಕನಿಕರದಿಂದ ಹೆಸರು ಹೇಳಲು ಬಾಯಿ ತೆರೆದ. ವ್ಯಾಪಾರಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದು ತಲೆಯಾಡಿಸಿ ತಡೆದ. ತಾನೂ ತುಟಿ ಬಿಗಿದು ಮಗಳನ್ನೇ ನೋಡಿದ.

"ದಾ... ದಾ... ದಾಕ್ಷಾಯಿಣಿ!"

ಹೆಸರು ಶಾಮಿಯಾನದ ಆ ತುದಿಗೂ ಕೇಳಿಸಿತು. ಅವಳು ಅಲ್ಲಿಗೇ ನಿಲ್ಲಲಿಲ್ಲ. ಬೇರು ಕೊಳೆತದ್ದು, ಮಣ್ಣು ಬದಲಿಸಿದ್ದು, ಗಿಡ ಮಧ್ಯಾಹ್ನ ಬಾಡಿ ಸಂಜೆ ಏಳುವುದು, ಹೊಸ ಚಿಗುರಿನಲ್ಲಿ ಮೊಗ್ಗು ಕಚ್ಚಿದ್ದು ಎಲ್ಲವನ್ನೂ ಹೇಳಿದಳು. ತೊದಲು ಹೋಗಿರಲಿಲ್ಲ. ಆದರೆ ಮಾತು ನಿಲ್ಲಲಿಲ್ಲ. ನಕ್ಕವರು ಸರಿಯಾಗಿ ಕೇಳಿಸಲೆಂದು ಹತ್ತಿರ ಬಂದರು. ಮೊದಲ ಬಹುಮಾನ ಅವಳಿಗೇ ಬಂತು. ತಂದೆ ಅಂಗೈ ಕೆಂಪಾಗುವವರೆಗೆ ಚಪ್ಪಾಳೆ ತಟ್ಟಿದ.

ಕುಂಡವನ್ನು ಸೊಂಟದ ಮೇಲಿಟ್ಟುಕೊಂಡು ಅವಳು ಪೇಟೆಯ ಬೀದಿಯಲ್ಲಿ ಮನೆಗೆ ನಡೆದಳು. ತಡೆದು ಕೇಳಿದವರಿಗೆಲ್ಲ ನಿಂತು ನಿಂತು ಉತ್ತರ ಹೇಳಿದಳು. ಮಾತಿನ ಮಲ್ಲನಾದ ತಂದೆ ತುಟಿಪಿಟಕ್ಕೆನ್ನದೆ, ಊರನ್ನೇ ಗೆದ್ದವನಂತೆ ಅವಳ ಹಿಂದೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ, "ಹಾಗಾದರೆ ನೀರು ಹಾಕುವುದೇ ತಪ್ಪೇ, ಬುದ್ಧಿ?" ಎಂದ.

"ಹಾಕಪ್ಪ, ಆದರೆ ಬಾಯಾರಿದ್ದು ಗಿಡವೋ ನೀನೋ ಎಂದು ಮೊದಲು ನೋಡು" ಎಂದರು ಗುರುಗಳು.