ಕೆಳಮುಖದ ಗೂಟ

“ಅಪ್ಪಾರ, ನಮ್ಮ ಕೆಲಸಾ ಕದ್ದು ತನ್ನದಂತ ಮೆರಿಯೋ ಮನುಷ್ಯಾಗ ಏನು ಮಾಡಬೇಕ್ರಿ?”

ಬೆಳಗಿನ ಪೂಜೆ ಮುಗಿಯುವುದನ್ನೇ ಕಾದಿದ್ದು ಶಿಷ್ಯ ಬಸಲಿಂಗ ಹೀಗೆ ಕೇಳಿದ. ಅವನ ಕೈಯಲ್ಲಿ ಎರಡು ಪುಟದ ದೂರಿನ ಪತ್ರವಿತ್ತು. ಗುರುಗಳ ಸಹಿ ಬಿದ್ದರೆ ಅಂಚೆಗೆ ಹಾಕಲು ಲಕೋಟೆಯೂ ಸಿದ್ಧವಾಗಿತ್ತು.

ಸಂಗತಿ ಇಷ್ಟು. ಮಠದ ಶಾಲೆಯ ಕಂಪ್ಯೂಟರುಗಳಿಗೆಂದು ಬಸಲಿಂಗ ಮೂರು ವರ್ಷ ಕುಳಿತು ಕನ್ನಡದಲ್ಲೇ ಒಂದು ಆಪರೇಟಿಂಗ್ ಸಿಸ್ಟಂ ಕಟ್ಟಿದ್ದ. ಹೊಳೆಯಾಚೆಯ ಮಠದ ಶಿಷ್ಯ ಗುರುಪಾದನೂ ತನ್ನ ಶಾಲೆಗೆ ಇನ್ನೊಂದನ್ನು ಕಟ್ಟಿದ್ದ. ಸುತ್ತಲಿನ ನಲವತ್ತು ಶಾಲೆಗಳಿಗೆ ಎರಡರಲ್ಲಿ ಯಾವುದು ಎಂದು ಆರಿಸಲು ಬರುವ ವಾರ ಸಭೆಯಿತ್ತು. ಇವನು ಅವನನ್ನು ಕಳ್ಳ ಎನ್ನುತ್ತಿದ್ದ, ಅವನು ಇವನನ್ನು ಕಳ್ಳ ಎನ್ನುತ್ತಿದ್ದ. ಪರದೆಯ ಮೇಲೆ ಕಿಟಕಿ ತೆರೆಯುವ ರೀತಿ ನನ್ನದು, ಕಡತ ಜೋಡಿಸುವ ರೀತಿ ನನ್ನದು ಎಂದು ವರ್ಷವಿಡೀ ಎರಡು ಮಠಗಳ ನಡುವೆ ಹೊಳೆಯ ನೀರಿಗಿಂತ ಹೆಚ್ಚು ಮಾತು ಹರಿದಿತ್ತು.

ಈ ಸಲ ಬಸಲಿಂಗನ ಬಳಿ ಪುರಾವೆಯಿತ್ತು. ಸಭೆಯವರಿಗೆಂದೇ ಆ ಪತ್ರ ಬರೆದಿದ್ದ.

“ಕಳ್ಳನ್ನ ಹಿಡಿಯಾಕಂತನ ಪರದೆ ಬಲಮೂಲ್ಯಾಗ ಒಂದು ಗಿಳಿ ಚಿತ್ರ ಇಟ್ಟಿದ್ದೆರಿ. ಒತ್ತಿದರ ಏನೂ ಆಗಂಗಿಲ್ಲ. ಸುಮ್ಮನ ಕುಂತಿರತೈತಿ. ಮೊನ್ನೆ ಅವರ ಶಾಲಿ ಫೋಟೊ ಒಂದು ಪೇಪರಿನಾಗ ಬಂದಿತ್ತು. ಅವನ ಪರದೆ ಬಲಮೂಲ್ಯಾಗೂ ಗಿಳಿ ಕುಂತೈತ್ರಿ! ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ?”

ಗುರುಗಳು ಪತ್ರವನ್ನು ಕೊನೆಯವರೆಗೂ ಓದಿದರು. ಮಡಚಿ ಮೊಣಕಾಲಿನ ಕೆಳಗೆ ಇಟ್ಟುಕೊಂಡರು. “ಕುಂದರು,” ಎಂದರು. ಆಮೇಲೆ ಈ ಕತೆ ಹೇಳಿದರು.

ನೇಕಾರರ ಒಂದು ಊರಿತ್ತು. ಅಲ್ಲಿ ಮಗ್ಗ ಕಟ್ಟುವ ಬಡಗಿಗಳು ಇಬ್ಬರು. ಒಬ್ಬ ಮೂಡಲ ಓಣಿಯವನು, ಇನ್ನೊಬ್ಬ ಪಡುವಲ ಓಣಿಯವನು. ನೇಕಾರ ಸೀರೆ ನೇಯಲಿ, ಪಂಚೆ ನೇಯಲಿ, ಕೂರುವುದು ಇವರಲ್ಲಿ ಒಬ್ಬರ ಮಗ್ಗದಲ್ಲೇ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಮಗ್ಗ ಸರಿಯಿದ್ದರೆ ಬಡಗಿಯನ್ನು ಯಾರೂ ನೆನೆಯುವುದಿಲ್ಲ. ಸರಿಯಿಲ್ಲದಿದ್ದರೆ ಅವನ ಅಜ್ಜ ಮುತ್ತಜ್ಜಂದಿರನ್ನೂ ಬಿಡದೆ ನೆನೆಯುತ್ತಾರೆ.

ಆದರೆ ಆಗೊಮ್ಮೆ ಈಗೊಮ್ಮೆ ಬಡಗಿಗೂ ಒಂದು ದಿನ ಬರುತ್ತಿತ್ತು. ಹೊಸ ಮಗ್ಗ ಹೂಡಿದ ಮೇಲೆ ಅದರಲ್ಲಿ ನೇಯ್ದ ಮೊದಲ ಆರು ಮೊಳ ಬಟ್ಟೆ ಅದನ್ನು ಕಟ್ಟಿದವನಿಗೆ ಸಲ್ಲಬೇಕೆಂಬುದು ಊರಿನ ಪದ್ಧತಿ. ಅವನು ಆ ಬಟ್ಟೆಯನ್ನು ರುಮಾಲು ಸುತ್ತಿಕೊಂಡು ಊರೊಳಗೆ ಒಂದು ಸುತ್ತು ಬರುತ್ತಿದ್ದ. ಕಟ್ಟೆಯ ಮೇಲೆ ಕೂತವರು ಎದ್ದು ನಿಂತು ಕೈ ಮುಗಿಯುತ್ತಿದ್ದರು. ಆ ಒಂದು ಸುತ್ತಿಗಾಗಿ ಬಡಗಿಗಳಿಬ್ಬರೂ ಉಳಿ ಹಿಡಿಯುತ್ತಿದ್ದರು ಎಂದರೂ ತಪ್ಪಿಲ್ಲ.

ಮೂಡಲ ಓಣಿಯ ಬಡಗಿ ಜಾಣ. ಕೈ ಪಳಗಿತ್ತು. ಸಿಟ್ಟು ಮೂಗಿನ ತುದಿಯಲ್ಲಿತ್ತು. ಒಮ್ಮೆ ಅವನು ಕೂರುವ ಹಲಗೆಯನ್ನು ಎರಡು ಬೆರಳಿನಷ್ಟು ಓರೆ ಮಾಡಿದ. ನೇಕಾರರ ಬೆನ್ನು ಅವನನ್ನು ಹರಸಿತು. ತಿಂಗಳೊಪ್ಪತ್ತಿನಲ್ಲಿ ಪಡುವಲ ಓಣಿಯ ಹಲಗೆಗಳೂ ಓರೆಯಾದವು. ಇವನು ಊರಿಗೆಲ್ಲ ಕೇಳುವಂತೆ ಕಳ್ಳ ಕಳ್ಳ ಎಂದು ಕೂಗಿದ.

ಹಾಗೆಂದು ತಾನೇನು ಕಣ್ಣು ಮುಚ್ಚಿಕೊಂಡು ಕೂತವನಲ್ಲ. ಪಡುವಲ ಓಣಿಯವನು ತುಳಿಯುವ ಹಲಗೆಯ ಅಂಚನ್ನು ನುಣುಪಾಗಿ ದುಂಡಗೆ ಮಾಡಿದ್ದಾನೆ ಎಂಬ ಸುದ್ದಿ ಕಿವಿಗೆ ಬಿದ್ದಾಗ, ಆ ಓಣಿಯ ಒಂದು ಸೀಮಂತದ ಊಟಕ್ಕೆ ಕರೆಯದೆಯೇ ಹೋಗಿದ್ದ. ಕೈ ತೊಳೆಯುವ ನೆವದಲ್ಲಿ ಮಗ್ಗದ ಕೋಣೆಗೆ ನುಗ್ಗಿ, ಕುಣಿಯೊಳಗೆ ಇಳಿದು, ಗೇಣು ಹಾಕಿ ಅಳೆದು ಬಂದಿದ್ದ. ಅದಕ್ಕೆ ಅವನಿಟ್ಟ ಹೆಸರು ಕಲಿಕೆ. ಇವನು ನೋಡಿದರೆ ಕಲಿಕೆ, ಅವನು ನೋಡಿದರೆ ಕಳವು. ಲೋಕದಲ್ಲಿ ಈ ನ್ಯಾಯ ಹೊಸದೇನಲ್ಲ.

ಆ ವರ್ಷ ಊರಿನವರು ಹೊಸ ಓಣಿಯೊಂದನ್ನು ಕಟ್ಟಲು ಹೊರಟರು. ಇಪ್ಪತ್ತನಾಲ್ಕು ಮನೆ, ಮನೆಗೊಂದು ಮಗ್ಗ. ಮೂಡಲ ಓಣಿಯ ಬಡಗಿಗೆ ಕೂತಲ್ಲಿ ನಿಂತಲ್ಲಿ ಇಪ್ಪತ್ತನಾಲ್ಕು ರುಮಾಲುಗಳು ಕಾಣತೊಡಗಿದವು. ಅಷ್ಟೂ ತನ್ನ ತಲೆಗೇ ಬರಬೇಕು. ಬರಬೇಕಾದರೆ ಪಡುವಲ ಓಣಿಯವನು ಕಳ್ಳನೆಂದು ನಾಲ್ಕು ಜನರ ಮುಂದೆ ರುಜುವಾತಾಗಬೇಕು.

ಅವನು ಒಂದು ಉಪಾಯ ಮಾಡಿದ. ತಾನು ಕಟ್ಟುತ್ತಿದ್ದ ಮಗ್ಗದ ಬಲಗಂಬಕ್ಕೆ ಹೆಬ್ಬೆರಳು ಗಾತ್ರದ ಒಂದು ಗೂಟ ಹೊಡೆದ. ಅದರ ಮುಖ ಕೆಳಕ್ಕೆ. ಏನು ನೇತುಹಾಕಿದರೂ ಜಾರಿ ಬೀಳಬೇಕು. ಯಾವ ಕೆಲಸಕ್ಕೂ ಬಾರದಂತೆ ಒಂದು ಗೂಟ ಮಾಡುವುದು ಸುಲಭವಲ್ಲ. ಅದಕ್ಕಾಗಿ ಅವನು ಇಡೀ ಒಂದು ದಿನ ಕಳೆದ.

“ಇದ್ಯಾತಕ್ಕ?” ಎಂದು ಹೆಂಡತಿ ಕೇಳಿದಳು.

“ಯಾತಕ್ಕೂ ಇಲ್ಲ. ಅದಕ್ಕಂತನ ಹೊಡದೀನಿ.”

ಗಂಡನಿಗೆ ಬಿಸಿಲು ತಾಗಿದೆ ಎಂದುಕೊಂಡು ಅವಳು ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು.

ಅಂಥ ಗೂಟವಿದ್ದ ಐದು ಮಗ್ಗಗಳು ಐದು ಮನೆ ಸೇರಿದವು. ಎರಡು ತಿಂಗಳಾಯಿತು. ಒಂದು ದಿನ ಅವನು ಪಡುವಲ ಓಣಿಯಲ್ಲಿ ಹಾದು ಹೋಗುವಾಗ ತೆರೆದ ಬಾಗಿಲೊಳಗೆ ಹೊಸ ಮಗ್ಗವೊಂದು ಕಂಡಿತು. ಬಲಗಂಬದಲ್ಲಿ ಗೂಟ! ಅದೇ ಎತ್ತರ, ಅದೇ ಗಾತ್ರ. ಅವನು ಒಳಗೆ ಹೋಗಲಿಲ್ಲ, ಇನ್ನೊಮ್ಮೆ ನೋಡಲೂ ಇಲ್ಲ. ಮಗಳ ಮದುವೆಯ ದಿನವೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ. ಮನೆಗೆ ಬಂದು ಹೋಳಿಗೆ ಮಾಡಿಸಿಕೊಂಡು ತಿಂದ.

ಮಾರನೆಯ ದಿನವೇ ಚಾವಡಿಯಲ್ಲಿ ಊರು ಸೇರಿತು. ಹಿರಿಯರ ಮಾತಿನಂತೆ ಇಬ್ಬರೂ ತಮ್ಮ ಮಗ್ಗದ ಬಲಗಂಬ ಒಂದೊಂದನ್ನು ಹೊತ್ತು ತಂದರು. ಎರಡನ್ನೂ ಗೋಡೆಗೆ ಒರಗಿಸಲಾಯಿತು. ಮೂಡಲ ಓಣಿಯ ಬಡಗಿ ಕಂಬಗಳ ಕಡೆ ನೋಡಲಿಲ್ಲ. ನೋಡುವುದೇನಿದೆ? ಅವನು ಜನರ ಕಡೆ ತಿರುಗಿ ಎದೆಯುಬ್ಬಿಸಿ ಹೇಳಿದ.

“ದೈವದವರು ಕೇಳ್ರಿ. ಈ ಗೂಟದಿಂದ ಮೂರು ಕಾಸಿನ ಉಪಯೋಗಿಲ್ಲ. ಕಳ್ಳನ್ನ ಹಿಡಿಯಾಕಂತ ನಾನ ಬೇಕಂತ ಹೊಡದಿದ್ದು. ಈ ಮನುಷ್ಯಾ ಅದನ್ನೂ ಬಿಡದ ಕದ್ದಾನ. ಹೊಸ ಓಣಿಯ ಒಂದು ಮಗ್ಗಾನೂ ಇವನ ಕೈಗೆ ಹೋಗಬಾರದು. ಇನ್ನ ಮ್ಯಾಲ ಇಂವ ರುಮಾಲ ಸುತ್ತಬಾರದು.”

ಹಿರಿಯರು ಪಡುವಲ ಓಣಿಯ ಬಡಗಿಯ ಕಡೆ ತಿರುಗಿ, ನೋಡಿ ಮಾಡಿದ್ದು ನಿಜವೇ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆಂದು ಜನ ಅವನ ಹೆಗಲನ್ನೇ ನೋಡುತ್ತಿದ್ದರು. ಅವನ ಕೈ ಮೇಲೇಳಲಿಲ್ಲ.

“ಹೌದ್ರಿ, ನೋಡೇ ಮಾಡೀನಿ,” ಎಂದ ಅವನು. “ಇಂಥಾ ದೊಡ್ಡ ಬಡಗಿ ಸುಮ್ಮ ಸುಮ್ಮನ ಗೂಟ ಹೊಡಿಯಾಂವಲ್ಲ, ಏನರ ಮರ್ಮ ಇರಬೇಕು ಅಂದ್ಕೊಂಡೆ. ಎಂಟು ದಿನ ತಲಿ ಕೆಡಿಸಿಕೊಂಡೆ. ತಿಳೀಲಿಲ್ಲ. ಅವನ ಬುದ್ಧಿ ನನಗ ನಿಲುಕಲಿಲ್ಲ ಅಂತ, ಗೂಟದ ಮುಖಾ ಮ್ಯಾಲ ಮಾಡಿ ಹೊಡದೆ. ನೂಲಿನ ಲಡಿ ಹಾಕಾಕ ಬಂತು.”

ಆಗ ಎಲ್ಲರೂ ಗೋಡೆಯ ಕಡೆ ನೋಡಿದರು. ಒಂದು ಗೂಟ ನೆಲ ನೋಡುತ್ತಿತ್ತು. ಇನ್ನೊಂದು ಸೂರು ನೋಡುತ್ತಿತ್ತು.

ಹೆಂಗಸರ ನಡುವಿನಿಂದ ನೀಲವ್ವ ಎಂಬ ಮುದುಕಿ ಎದ್ದಳು. ಎರಡೂ ಮೊಣಕಾಲಿಗೆ ಕೈಯೂರಿ, ಉಸ್ಸೆಂದು ಎದ್ದಳು. ಅವಳದು ಮೂಡಲ ಬಡಗಿಯ ಮಗ್ಗ. ಮಗಳದು ಪಡುವಲ ಬಡಗಿಯ ಮಗ್ಗ.

“ಯಪ್ಪಾ, ಮೂರು ಕಾಸಿನ ಉಪಯೋಗಿಲ್ಲಂತೀಯೇನೋ? ಸ್ವಾಮಾರಕ್ಕೊಮ್ಮೆ ಅದಕ್ಕ ಈಬತ್ತಿ ಹಚ್ಚೀನಲ್ಲೋ ನಾನು! ನೀ ಹೊಡದದ್ದು, ಏನೋ ಮಹಿಮಾ ಇರಬೇಕಂತ ಕೈ ಮುಗದೀನಲ್ಲೋ! ಎಳಿ ಕಡದಾಗೊಮ್ಮೆ ಕುಣಿಯಿಂದ ಎದ್ದು, ಗ್ವಾಡಿ ತನಕಾ ಹೋಗಿ ನೂಲು ತಂದು ತಂದು ನನ್ನ ಮೊಣಕಾಲು ಹ್ವಾದವು. ನನ್ನ ಮಗಳು ಕುಂತಲ್ಲೇ ಕೈ ಚಾಚಿ ತಗೋತಾಳ. ಆ ಗೂಟ ನೀ ಮ್ಯಾಲ ಮಾಡಿ ಹೊಡದಿದ್ದರ ನಿನ್ನ ಗಂಟೇನು ಹೋಗತಿತ್ತು?”

ಚಾವಡಿ ನಗುವಿನಿಂದ ತುಂಬಿತು. ಉಳಿದ ನಾಲ್ಕು ಮನೆಯವರೂ ತಾವು ಆ ಗೂಟಕ್ಕೆ ಮಾಡಿದ ಸೇವೆಯನ್ನು ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಒಬ್ಬಳಂತೂ ಅದಕ್ಕೆ ಹರಕೆ ಹೊತ್ತಿದ್ದಳು. ಆ ಹರಕೆ ಫಲಿಸಿಯೂ ಇತ್ತು.

ಮೂಡಲ ಓಣಿಯ ಬಡಗಿ ನಿಂತಲ್ಲೇ ನಿಂತಿದ್ದ. ಅವನಿಗೆ ಸಿಟ್ಟು ಬಂತು, ನಾಚಿಕೆಯಾಯಿತು. ಅವೆರಡೂ ಇಳಿದ ಮೇಲೆ ಇನ್ನೊಂದು ಹೊಳೆಯಿತು. ಕಳ್ಳ ಸಿಕ್ಕಿದ್ದ, ನಿಜ. ಆದರೆ ಆ ಕಳ್ಳ ತನ್ನನ್ನು ನಂಬಿದ್ದ. ಹೊಡೆದವನಿಗೇ ನಂಬಿಕೆಯಿಲ್ಲದ ಗೂಟವನ್ನು ಎಂಟು ದಿನ ನಂಬಿ, ಅದಕ್ಕೊಂದು ಕೆಲಸ ಹುಡುಕಿದ್ದ. ಊರಲ್ಲಿ ತನ್ನ ಕೈಗೆ ಅಷ್ಟು ಮರ್ಯಾದೆ ಕೊಟ್ಟವರು ಬೇರೆ ಯಾರೂ ಇರಲಿಲ್ಲ.

ಹಿರಿಯರು ತೀರ್ಪು ಹೇಳಿದರು. ಇಬ್ಬರಿಗೂ ಹನ್ನೆರಡು ಹನ್ನೆರಡು ಮಗ್ಗ. ಎಲ್ಲ ಮಗ್ಗಕ್ಕೂ ಗೂಟ ಇರತಕ್ಕದ್ದು, ಮುಖ ಮೇಲೆ ಇರತಕ್ಕದ್ದು.

ಮೂಡಲ ಓಣಿಯ ಬಡಗಿ ಮನೆಗೆ ಬಂದು ಅಂಗಳದಲ್ಲಿ ಕೂತ. ಗೂಟವನ್ನು ಮೇಲೆ ಮಾಡಿದರೆ ತಾನೂ ನೋಡಿ ಮಾಡಿದವನಾದ. ಕೆಳಗೆ ಬಿಟ್ಟರೆ ಹನ್ನೆರಡು ಮಗ್ಗವೂ ಹೋಯಿತು. ಹೆಂಡತಿ ಏನೂ ಕೇಳದೆ ಮಜ್ಜಿಗೆ ತಂದಿಟ್ಟಳು. ಅವನು ಅದನ್ನು ಕುಡಿದು, ಮುಖ ತೊಳೆದು, ಎಲ್ಲರೂ ನೋಡುತ್ತಿರುವಾಗಲೇ ನಡುಬೀದಿಯಲ್ಲಿ ನಡೆದು ಪಡುವಲ ಓಣಿಗೆ ಹೋದ. ಸೀಮಂತದ ನೆವ ಇರಲಿಲ್ಲ, ಕೈ ತೊಳೆಯುವ ನೆವವೂ ಇರಲಿಲ್ಲ. ಬಡಗಿಯ ಮನೆಯ ಹೊಸ್ತಿಲಲ್ಲಿ ನಿಂತು ಕೇಳಿದ.

“ಗೂಟದ ಮುಖಾ ಎಷ್ಟು ಎತ್ತೀಯೋ?”

“ಎರಡು ಬೆರಳು. ನೀ ಹಲಗಿ ಓರೆ ಮಾಡಿದ್ದಿಯಲ್ಲ, ಅಷ್ಟ. ಒಳಗ ಬಾ, ಅಳದು ನೋಡುವಂತಿ.”

ಇಬ್ಬರೂ ಒಟ್ಟಿಗೆ ಕುಣಿಗೆ ಇಳಿದರು. ಒಬ್ಬರಿಗಾಗಿ ತೋಡಿದ ಕುಣಿ, ಭುಜಕ್ಕೆ ಭುಜ ತಾಗಿ ಹೊರಳಲು ಜಾಗವಿಲ್ಲ. ಅಲ್ಲೇ ಸಿಕ್ಕಿಕೊಂಡು ಊಟದ ಹೊತ್ತಿನವರೆಗೂ ಮಾತಾಡಿದರು.

ಹೊಸ ಓಣಿಯಲ್ಲಿ ಮೊದಲು ಮುಗಿದದ್ದು ಮೂಡಲ ಬಡಗಿಯ ಮಗ್ಗ. ಮೊದಲ ಆರು ಮೊಳ ಬಟ್ಟೆ ಅವನ ಕೈಗೆ ಬಂತು. ಅವನು ಅದನ್ನು ಸುತ್ತಿಕೊಳ್ಳದೆ, ‘ಗೂಟದ ಮುಖ ನಿನ್ನದು’ ಎಂದು ನೀಲವ್ವನ ಕೈಯಲ್ಲಿ ಪಡುವಲ ಓಣಿಗೆ ಕಳಿಸಿದ. ಅವನು ‘ಗೂಟ ನಿನ್ನದು’ ಎಂದು ಅವಳ ಕೈಯಲ್ಲೇ ತಿರುಗಿ ಕಳಿಸಿದ. ಇವನು ಮತ್ತೆ ಕಳಿಸಿದ. ಅವನು ಮತ್ತೆ ಕಳಿಸಿದ. ಮೂರನೆಯ ಸಲ ಮುದುಕಿ ನಡುದಾರಿಯಲ್ಲೇ ಕೂತು, ಬಟ್ಟೆಯನ್ನು ಎರಡಾಗಿ ಹರಿದು, ತನ್ನ ಎರಡೂ ಮೊಣಕಾಲಿಗೆ ಬಿಗಿಯಾಗಿ ಸುತ್ತಿಕೊಂಡಳು.

“ನಿಮ್ಮಿಬ್ಬರ ತಲಿಗಿಂತ ಇವಕ್ಕ ಬೇಕಾಗೈತಿ,” ಎಂದು ಎದ್ದು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನೀಲವ್ವನ ಈಬತ್ತಿಯನ್ನು ನೆನೆದು ಇನ್ನೊಮ್ಮೆ ನಕ್ಕ. ಬಂದ ಕೆಲಸವೇ ಅವನಿಗೆ ಮರೆತಿತ್ತು. ಗುರುಗಳು ಮೊಣಕಾಲಿನ ಕೆಳಗಿದ್ದ ಪತ್ರ ತೆಗೆದು, ಬಿಡಿಸಿ, ತೊಡೆಯ ಮೇಲೆ ಹರಡಿ, ಲೇಖನಿಯ ಮುಚ್ಚಳ ತೆಗೆದರು.

“ಸಹಿ ಮಾಡತೀನಿ, ತಮ್ಮಾ. ಅದಕ್ಕೂ ಮೊದಲ ಒಂದು ಹೇಳು, ಅವನ ಗಿಳಿ ಒತ್ತಿದರ ಏನಾಗತೈತಿ?”

ಬಸಲಿಂಗ ಲಕೋಟೆಯನ್ನು ಗುರುಗಳ ಬಳಿಯೇ ಬಿಟ್ಟು, ಹೊಳೆ ದಾಟಲು ಚಪ್ಪಲಿ ಮೆಟ್ಟಿದ.